ಕಿಟಕಿ ಕಿರುಚಿತು, ಬಾಗಿಲು ಬಿಚ್ಚಿದೆ

ನನ್ನ ಕಾರಿಗೆ ಈಗ 14 ವರ್ಷ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಕಿಟಕಿ ಗಾಜು ಇಳಿಸಿದರೆ ಮಾತ್ರ ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಹಿಂದಿನ ಎರಡು ಬಾಗಿಲಲ್ಲಿ ಕಿರ್ರ್ ಅನ್ನುವ ಸದ್ದು. ಡ್ರೈವರ್ ಬಾಗಿಲಲ್ಲಿ ಕಟಕಟ, ಜೊತೆಗೆ ಗಾಜು ಒಂದು ಕಡೆ ವಾಲಿಕೊಂಡು ಏರುತ್ತಿತ್ತು. ಎಲ್ಲಾ ಬಾಗಿಲಿಗೂ ಒಂದೇ ಕಾಯಿಲೆ ಅಂದುಕೊಂಡೆ. ಅಲ್ಲೇ ಎಡವಿದ್ದು.

ಮನೆಯಲ್ಲಿ ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಇತ್ತು. ಸುಮ್ನೆ ಗಾಜಿನ ಅಂಚಿನ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಅದರ ಎಲ್ಲಾ ಸಂದಿಗೂ ಹೊಡೆದೆ. ಎರಡು ದಿನ ಸದ್ದೇ ಇಲ್ಲ, ನನಗೋ ಹೆಮ್ಮೆ. ವಾರದೊಳಗೆ ಎಣ್ಣೆಗೆ ಧೂಳು ಅಂಟಿತು, ಗಾಜಿನ ಮೇಲೆ ಜಿಡ್ಡಿನ ಗೆರೆ ಬಿತ್ತು, ಕಿರುಚಾಟ ಮೊದಲಿಗಿಂತ ಜಾಸ್ತಿಯಾಯಿತು. ಅಂಥ ಎಣ್ಣೆ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ ಅಂತ ಆಮೇಲೆ ಗೊತ್ತಾಯಿತು.

ಹಿಂದಿನ ಬಾಗಿಲುಗಳ ಕೆಲಸ ಸುಲಭ. ಗಾಜು ಪೂರ್ತಿ ಇಳಿಸಿದೆ. ಐಸ್‌ಕ್ರೀಂ ಕಡ್ಡಿಗೆ ತೆಳು ಬಟ್ಟೆ ಸುತ್ತಿ, ಸೋಪಿನ ನೀರಲ್ಲಿ ಅದ್ದಿ, ಗಾಜು ಜಾರುವ ರಬ್ಬರ್ ಕಾಲುವೆಯನ್ನು ಉಜ್ಜಿದೆ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಉಜ್ಜಬೇಕು. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಅದರ ಸಣ್ಣ ನಳಿಕೆ ಹಾಕಿಕೊಂಡು ಒಳಗೆ ಹೊಡೆದೆ. ಗಾಜನ್ನು ಹತ್ತು ಸಲ ಏರಿಸಿ ಇಳಿಸಿ, ಅಂಟಿದ್ದನ್ನು ಒರೆಸಿದೆ. ಅಷ್ಟೇ.

ಡ್ರೈವರ್ ಬಾಗಿಲು ಇದಕ್ಕೆಲ್ಲ ಬಗ್ಗಲಿಲ್ಲ. ಕಿರ್ರ್ ಅಂದರೆ ಒಣಗಿದ ರಬ್ಬರ್ ಇರಬಹುದು. ಕಟಕಟ ಅಂದು ಗಾಜೂ ವಾಲಿದರೆ ರೆಗ್ಯುಲೇಟರ್ ಕಡೆ ನೋಡಬೇಕು. ಗಾಜನ್ನು ಏರಿಸಿ ಇಳಿಸುವ ಸಾಧನ ಅದೇ.

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದೆ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಬಾಗಿಲೊಳಗೇ ಇರುತ್ತದೆ, ಹಾಗಾಗಿ ಮ್ಯಾನ್ಯುಯಲ್ ನೋಡಿಯೇ ಕೈ ಹಾಕುವುದು ಒಳ್ಳೆಯದು. ಒಳಗಿನ ಹಿಡಿಯ ಹಿಂದೆ ಒಂದು ಸ್ಕ್ರೂ, ಕೈ ಇಡುವ ಜಾಗದ ಗುಳಿಯಲ್ಲಿ ಇನ್ನೊಂದು. ಆಮೇಲೆ ಡೋರ್ ಪ್ಯಾಡನ್ನು, ಅಂದರೆ ಬಾಗಿಲ ಒಳಬದಿಯ ಹೊದಿಕೆಯನ್ನು, ಅಂಚಿನಿಂದ ಮೀಟಿ ಕ್ಲಿಪ್ ಬಿಡಿಸಿ, ಮೇಲಕ್ಕೆ ಎತ್ತಿ ತೆಗೆದೆ. ಅವಸರದಲ್ಲಿ ಎರಡು ಕ್ಲಿಪ್ ಮುರಿದವು. ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಹರಿಯದಂತೆ ನಿಧಾನವಾಗಿ ಬಿಡಿಸಿದೆ. ಅದು ಹರಿದರೆ ಬಾಗಿಲೊಳಗೆ ಇಳಿಯುವ ಮಳೆನೀರು ಕಾರಿನೊಳಕ್ಕೆ ಬರುತ್ತದೆ.

ಇಲ್ಲಿ ಸಿಕ್ಕಿಹಾಕಿಕೊಂಡೆ. ಗಾಜು ಪೂರ್ತಿ ಕೆಳಗಿತ್ತು, ಅದನ್ನು ಹಿಡಿದಿರುವ ಬೋಲ್ಟುಗಳು ಬಾಗಿಲ ಒಳತಗಡಿನಲ್ಲಿ ಕೈ ಹಾಕುವ ತೂತಿನ ಎದುರಿಗೆ ಬಂದಿರಲಿಲ್ಲ. ಮತ್ತೆ ಬ್ಯಾಟರಿ ಜೋಡಿಸಿ, ಸ್ವಿಚ್ಚಿನ ಕನೆಕ್ಟರ್ ಸಿಕ್ಕಿಸಿ, ಗಾಜನ್ನು ಅರ್ಧಕ್ಕೆ ತಂದೆ. ಆ ಹೊತ್ತಿಗೆ ಬೆರಳು ಬಾಗಿಲೊಳಗೆ ಇರಬಾರದು, ಮೋಟಾರಿಗೆ ಕರುಣೆ ಇಲ್ಲ. ಬ್ಯಾಟರಿ ಮತ್ತೆ ಬಿಚ್ಚಿ, ಬೋಲ್ಟ್ ತೆಗೆದು, ಗಾಜನ್ನು ಕೈಯಲ್ಲೇ ಮೇಲೆತ್ತಿ ಗಟ್ಟಿ ಟೇಪಿನಿಂದ ಚೌಕಟ್ಟಿಗೆ ಅಂಟಿಸಿದೆ.

ಕಳ್ಳ ಸಿಕ್ಕಿದ. ಗಾಜು ಕೂರುವ ಪ್ಲಾಸ್ಟಿಕ್ ತುಂಡು ಒಂದು ಕಡೆ ಸೀಳಿತ್ತು, ಅದಕ್ಕೇ ಗಾಜು ವಾಲುತ್ತಿತ್ತು. ರೆಗ್ಯುಲೇಟರಿನಲ್ಲಿ ಗಾಜನ್ನು ಎಳೆಯುವ ಕೇಬಲ್ಲಿನ ಎಳೆಗಳೂ ಕಿತ್ತು ಬಂದಿದ್ದವು. ಅಂಟು ಹಾಕುವ ಯೋಚನೆ ಬಂತು, ಬಿಟ್ಟೆ. ಕೇಬಲ್ ಹರಿದರೆ ಗಾಜು ಬಾಗಿಲೊಳಗೆ ಬೀಳುತ್ತದೆ ಅಲ್ವಾ? ಹೊಸ ರೆಗ್ಯುಲೇಟರ್ ಹಾಕಿ, ಚೆನ್ನಾಗಿದ್ದ ಹಳೆಯ ಮೋಟಾರನ್ನೇ ಅದಕ್ಕೆ ಕೂರಿಸಿದೆ. ನನ್ನದು ಕೇಬಲ್ ಇರುವ ಬಗೆ. ಕತ್ತರಿಯಂತೆ ಮಡಚುವ ಬಗೆಯದರಲ್ಲಿ ಬಿಗಿದ ಸ್ಪ್ರಿಂಗ್ ಇರಬಹುದು. ಅದರ ತೋಳನ್ನು ಕಟ್ಟಿ ಹಾಕದೆ ಮೋಟಾರ್ ಬಿಚ್ಚಿದರೆ ಕೈಗೆ ಹೊಡೆಯುತ್ತದೆ.

ಜೋಡಿಸುವಾಗ ಬೋಲ್ಟುಗಳನ್ನು ಒಮ್ಮೆಗೇ ಬಿಗಿದೆ. ಗಾಜು ಮತ್ತೆ ಒರಗಿಕೊಂಡು ಏರಿತು! ಸಡಿಲಿಸಿ, ಗಾಜು ರಬ್ಬರಿನಲ್ಲಿ ತಾನಾಗಿ ನೆಟ್ಟಗೆ ಕೂರಲು ಬಿಟ್ಟು, ಆಮೇಲೆ ಬಿಗಿದಾಗ ಸರಿಹೋಯಿತು. ರೆಗ್ಯುಲೇಟರಿನ ಲೋಹದ ಹಳಿಗೆ ಬಿಳಿ ಲಿಥಿಯಂ ಗ್ರೀಸ್ ತೆಳ್ಳಗೆ ಸವರಿದೆ. ಬ್ಯಾಟರಿ ಬಿಚ್ಚಿದ್ದರಿಂದ ಕಾರಿಗೆ ಆಟೋ ಅಪ್, ಅಂದರೆ ಸ್ವಿಚ್ ಒಮ್ಮೆ ಎಳೆದರೆ ಗಾಜು ತಾನೇ ಪೂರ್ತಿ ಏರುವುದು, ಮರೆತುಹೋಗಿತ್ತು. ಗಾಜು ಪೂರ್ತಿ ಏರಿದ ಮೇಲೂ ಸ್ವಿಚ್ಚನ್ನು ಕೆಲವು ಸೆಕೆಂಡ್ ಹಿಡಿದಾಗ ಮರಳಿ ಬಂತು.

ಈಗ ನಾಲ್ಕೂ ಕಿಟಕಿ ಮೆಲ್ಲಗೆ ಗುಯ್ಯ್ ಅನ್ನುತ್ತವೆ. ಹಳ್ಳ ಬಂದಾಗ ಮಾತ್ರ ಡ್ರೈವರ್ ಬಾಗಿಲ ಪ್ಯಾಡ್ ಲೊಟಲೊಟ ಅನ್ನುತ್ತದೆ. ಆ ಎರಡು ಕ್ಲಿಪ್ ಇನ್ನೂ ತಂದಿಲ್ಲ.