ಲೈಸೆನ್ಸ್ ಒಂದು, ತಾರೀಕು ಮೂರು: ಅಮೆರಿಕದಲ್ಲಿ ಲಾರಿ ಹತ್ತುವ ನಮ್ಮೂರ ಹೊಸಬರಿಗೆ

ಬಂಡಿಹಬ್ಬಕ್ಕೆಂದು ಅಂಕೋಲೆಗೆ ಬಂದಿದ್ದೇನೆ. ಬಂದ ಮೂರನೇ ದಿನವೇ ಬಾಳೆಗುಳಿ ಕ್ರಾಸಿನ ಚಾದಂಗಡಿಯಲ್ಲಿ ಇಬ್ಬರು ಹುಡುಗರು ಹಿಡಿದು ಕೂರಿಸಿದರು. ಒಬ್ಬ ಅವರ್ಸಾದವನು, ಇನ್ನೊಬ್ಬ ಶಿರಸಿ ಕಡೆಯವನು. ಇಬ್ಬರಿಗೂ ಹೆಂಡತಿ ಕಡೆಯಿಂದ ಗ್ರೀನ್ ಕಾರ್ಡ್ ಆಗಿದೆ, ಇಬ್ಬರೂ ಮಳೆ ಹಿಡಿಯುವುದರೊಳಗೆ ಹೊರಡುವವರು. "ಅಣ್ಣಾ, ಹತ್ತು ವರ್ಷದ ಹೆವಿ ಲೈಸೆನ್ಸ್ ಇದೆ, ಬ್ಯಾಡ್ಜ್ ಇದೆ. ಅಲ್ಲಿ ತೋರಿಸಿದ್ರೆ ನಡೆಯೂದಿಲ್ವಾ?" ಅಂತ ಕೇಳಿದರು. ನಡೆಯುವುದಿಲ್ಲ ತಮಾ. ಆರೇಬೈಲ್ ಘಟ್ಟದಲ್ಲಿ ಲೋಡ್ ಗಾಡಿ ಇಳಿಸಿದ ಕೈ ಅಲ್ಲಿ ಉಪಯೋಗಕ್ಕೆ ಬರುತ್ತದೆ, ಕಾರ್ಡು ಬರುವುದಿಲ್ಲ. ಚಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬರೆದು ಕೊಡುತ್ತಿದ್ದೇನೆ.

ನಾನು ಬೇಲೆಕೇರಿ ಬಂದರಿಗೆ ಅದಿರು ಹೊಡೆಯುತ್ತಿದ್ದವನು. 2010ರಲ್ಲಿ ಅದಿರು ನಿಂತಿತು, ಲಾರಿಗಳು ಮನೆ ಮುಂದೆ ನಿಂತವು. ಮೂರು ವರ್ಷ ಬಿಟ್ಟು ಹೆಂಡತಿಯ ನರ್ಸ್ ಕೆಲಸದ ಬಾಲ ಹಿಡಿದು ಅಮೆರಿಕಕ್ಕೆ ಹೋದೆ. ಅಲ್ಲಿ ಮೊದಲು ಕಲಿತ ಪಾಠ, ಏಜೆಂಟ್ ಇಲ್ಲ ಎನ್ನುವುದು. ಕಾರವಾರದಲ್ಲಾಗಲಿ ಶಿರಸಿಯಲ್ಲಾಗಲಿ ಆರ್‌ಟಿಒ ಎದುರಿನ ಟೇಬಲ್ಲಿನವನಿಗೆ ಫೈಲು, ಫೋಟೋ ಕೊಟ್ಟು ಮನೆಗೆ ಬರುವ ಅಭ್ಯಾಸ ನಮಗೆ. ಯಾವಾಗ ಮುಗಿಯುತ್ತದೆ ಅಂತ ನೆನಪಿಸುವುದೂ ಅವನೇ. ಅಲ್ಲಿ ನೆನಪಿಟ್ಟುಕೊಳ್ಳುವವನು ನೀನೊಬ್ಬನೇ. ಅದೂ ಒಂದು ತಾರೀಕಲ್ಲ, ಮೂರು: ಲೈಸೆನ್ಸಿನದು, ಓಡಿಸಲು ಆರೋಗ್ಯ ಸರಿಯಿದೆ ಎಂದು ಡಾಕ್ಟರು ಕೊಡುವ ವೈದ್ಯಕೀಯ ಕಾರ್ಡಿನದು, ಹಜ್‌ಮ್ಯಾಟ್ (ಅಪಾಯಕಾರಿ ಸಾಮಾನು ಸಾಗಿಸುವ ಅನುಮತಿ) ಇದ್ದರೆ ಅದರದ್ದು. ಮೂರನ್ನೂ ನೋಡುವವರು ಬೇರೆ ಬೇರೆ. ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆಂದು ನಂಬಿ ಕೂರಬೇಡಿ.

ಮೊದಲು ಬುಡ. ಅಲ್ಲಿನ ವಾಣಿಜ್ಯ ಲೈಸೆನ್ಸಿಗೆ ಸಿಡಿಎಲ್ ಎನ್ನುತ್ತಾರೆ. ಟ್ರೇಲರ್ ಎಳೆಯುವ ದೊಡ್ಡ ಗಾಡಿಗೆ ಕ್ಲಾಸ್ ಎ: ಒಟ್ಟು ತೂಕ 26,001 ಪೌಂಡ್, ಅಂದರೆ ಹೆಚ್ಚು ಕಡಿಮೆ 11.8 ಟನ್ ಅಥವಾ ಮೇಲೆ, ಎಳೆಯುವ ಟ್ರೇಲರ್ 10,000 ಪೌಂಡಿಗಿಂತ ಹೆಚ್ಚು. ಅಷ್ಟೇ ತೂಕದ ಒಂಟಿ ಗಾಡಿಗೆ ಕ್ಲಾಸ್ ಬಿ. ಆಗುವುದಾದರೆ ಎ ಮಾಡಿಸಿ, ಬಿ ಮಾಡಿಸಿಕೊಂಡು ಮತ್ತೆ ಏರುವುದು ಎರಡು ಖರ್ಚು. 2022ರ ಫೆಬ್ರವರಿ 7ರಿಂದ ಹೊಸಬರೆಲ್ಲ ಸರ್ಕಾರದ ಪಟ್ಟಿಯಲ್ಲಿರುವ ತರಬೇತಿ ಶಾಲೆಯಲ್ಲೇ ಕಲಿಯಬೇಕು, ಊರಲ್ಲಿ ಎಷ್ಟು ವರ್ಷ ಓಡಿಸಿದ್ದರೂ ಸೈ. ಕಲಿಕಾ ಪರ್ಮಿಟ್ ಕೈಗೆ ಬಂದು 14 ದಿನ ಕಳೆಯದೆ ಗಾಡಿ ಪರೀಕ್ಷೆಗೆ ಬಿಡುವುದಿಲ್ಲ.

ಆ ಪರೀಕ್ಷೆಯಲ್ಲಿ ನಮ್ಮವರು ಎಡವುವ ಜಾಗ ಸ್ಟೀರಿಂಗ್ ಅಲ್ಲ. ನಾವು ಬೆಳಿಗ್ಗೆ ಟೈರಿಗೆ ರಾಡಿನಿಂದ ಬಡಿದು, ಕ್ಲೀನರ್ ಕಡೆ ಒಂದು ಮಾತು ಕೇಳಿ ಹೊರಡುವವರು. ಅಲ್ಲಿ ಗಾಡಿ ಸುತ್ತು ಹಾಕುತ್ತ ಪ್ರತಿ ಭಾಗವನ್ನೂ ಮುಟ್ಟಿ, ಅದರಲ್ಲಿ ಏನು ನೋಡಿದೆ ಅಂತ ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು. ನೋಡಿದರೆ ಸಾಲದು, ಹೇಳದಿದ್ದರೆ ನೋಡಲಿಲ್ಲ ಅಂತಲೇ ಲೆಕ್ಕ. ಏರ್ ಬ್ರೇಕ್ ಒತ್ತಿ ಹಿಡಿದಾಗ ಒಂದು ನಿಮಿಷಕ್ಕೆ 4 ಪಿಎಸ್‌ಐಗಿಂತ ಹೆಚ್ಚು ಗಾಳಿ ಇಳಿಯಬಾರದು, ಇದು ಟ್ರೇಲರ್ ಗಾಡಿಯ ಲೆಕ್ಕ. ಈ ಭಾಗ ತಪ್ಪಿದರೆ ಉಳಿದದ್ದು ಎಷ್ಟು ಚೆನ್ನಾಗಿ ಮಾಡಿದರೂ ಅಲ್ಲೇ ಮುಗಿಯಿತು.

ಇನ್ನೊಂದು ವಿಚಿತ್ರ. ಗೇರ್ ಇಲ್ಲದ ಆಟೋಮ್ಯಾಟಿಕ್ ಗಾಡಿಯಲ್ಲಿ ಪರೀಕ್ಷೆ ಕೊಟ್ಟರೆ ಕಾರ್ಡಿನ ಮೇಲೆ 'ಇ' ಅಂತ ಬೀಳುತ್ತದೆ, ಗೇರ್ ಗಾಡಿ ಮುಟ್ಟುವ ಹಾಗಿಲ್ಲ. ದೇವಿಮನೆ ಘಟ್ಟದಲ್ಲಿ ಡಬಲ್ ಕ್ಲಚ್ ಹೊಡೆದು ಬೆಳೆದವನಿಗೂ ಅದೇ ನಿಯಮ. ಈಗ ಶಾಲೆಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್ ಗಾಡಿಗಳೇ, ಗೇರ್ ಗಾಡಿ ಇರುವ ಶಾಲೆ ಕೇಳಿ ಸೇರಿ.

ಈಗ ಎಂಡಾರ್ಸ್‌ಮೆಂಟ್, ಅಂದರೆ ಲೈಸೆನ್ಸಿನ ಮೇಲೆ ಸೇರಿಸುವ ವಿಶೇಷ ಅನುಮತಿ. ನಮ್ಮ ಬ್ಯಾಡ್ಜಿನ ಹಾಗೆ ಅಂದುಕೊಳ್ಳಿ, ಆದರೆ ಒಂದೊಂದು ಕೆಲಸಕ್ಕೆ ಒಂದೊಂದು ಅಕ್ಷರ. ಎನ್ ಅಂದರೆ ಟ್ಯಾಂಕರ್, ಟಿ ಅಂದರೆ ಎರಡು ಮೂರು ಟ್ರೇಲರ್ ಜೋಡಿಸಿ ಎಳೆಯುವುದು, ಎಚ್ ಅಂದರೆ ಹಜ್‌ಮ್ಯಾಟ್, ಅಪಾಯಕಾರಿ ಸಾಮಾನು, ಪಿ ಪ್ರಯಾಣಿಕರು, ಎಸ್ ಶಾಲಾ ಬಸ್ಸು. ಎಚ್ ಮತ್ತು ಎನ್ ಎರಡೂ ಇದ್ದರೆ ಸೇರಿಸಿ ಎಕ್ಸ್ ಎಂದು ಹಾಕುತ್ತಾರೆ. ಪಿ, ಎಸ್ ಎರಡಕ್ಕೂ ಬರಹದ ಪರೀಕ್ಷೆಯ ಜತೆ ಬಸ್ಸಿನಲ್ಲೇ ಓಡಿಸಿ ತೋರಿಸಬೇಕು. ಲಾರಿಯವನಿಗೆ ಅದರ ಉಸಾಬರಿ ಬೇಡ.

ಎನ್ ಮತ್ತು ಟಿ ಮೊದಲ ವಾರಗಳಲ್ಲೇ ಮಾಡಿಸಿಬಿಡಿ. ಬರಹದ ಪರೀಕ್ಷೆ ಮಾತ್ರ, ನೂರಕ್ಕೆ 80 ಬಂದರೆ ಸಾಕು, ಶಾಲೆಯ ಕಾಗದವೂ ಬೇಡ. ಟ್ಯಾಂಕರ್ ಪುಸ್ತಕ ಓದುವಾಗ ನನಗೆ ನಮ್ಮಮ್ಮ ಬಾವಿಯಿಂದ ತರುತ್ತಿದ್ದ ನೀರು ನೆನಪಾಯಿತು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವಲ್ಲ, ಆ ಪರೀಕ್ಷೆಯ ಅರ್ಧ ಅದೇ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಬ್ರೇಕ್ ಹಾಕಿದ ಮೇಲೂ ಒಳಗಿನ ದ್ರವ ಮುಂದೆ ನುಗ್ಗಿ ಗಾಡಿಯನ್ನು ಸಿಗ್ನಲ್ ದಾಟಿಸಿಬಿಡಬಹುದು. ಒಳಗೆ ತೂತಿರುವ ಅಡ್ಡಗೋಡೆಗಳಿದ್ದರೆ ನುಗ್ಗು ತಗ್ಗುತ್ತದೆ. ಹಾಲಿನಂಥ ಆಹಾರ ಸಾಗಿಸುವ ಟ್ಯಾಂಕಿನಲ್ಲಿ ತೊಳೆಯಲು ತೊಂದರೆಯೆಂದು ಅಡ್ಡಗೋಡೆ ಇಡುವುದಿಲ್ಲ, ಅದನ್ನೇ ಹೆಚ್ಚು ಹುಷಾರಾಗಿ ಓಡಿಸಬೇಕು. ಸಾದಾ ಟ್ರೇಲರಿನಲ್ಲಿ ಟೋಟ್ ಎನ್ನುವ, ದ್ರವ ತುಂಬುವ ದೊಡ್ಡ ಪ್ಲಾಸ್ಟಿಕ್ ಟಾಕಿಗಳನ್ನು ಹೇರಿಕೊಂಡರೂ ಎನ್ ಬೇಕಾಗಬಹುದು: ಒಂದೊಂದು 119 ಗ್ಯಾಲನ್ನಿಗಿಂತ ದೊಡ್ಡದಿದ್ದು ಒಟ್ಟು 1,000 ಗ್ಯಾಲನ್ ಆದರೆ ಅದು ಕಾನೂನಿನ ಕಣ್ಣಿಗೆ ಟ್ಯಾಂಕರೇ. ಡಬ್ಬಿ ಗಾಡಿಯವನಿಗೆ ಎನ್ ಯಾಕೆ ಅಂದುಕೊಂಡ ಹೊಸಬರು ಸಿಕ್ಕಿಬೀಳುವುದು ಇಲ್ಲಿ.

ಎಚ್ ವಿಷಯ ಉದ್ದ. ನಮ್ಮ ಹೆದ್ದಾರಿಯಲ್ಲಿ ಮಂಗಳೂರಿನಿಂದ ಬರುವ ಗ್ಯಾಸ್ ಟ್ಯಾಂಕರಿನ ಮೇಲೆ 1075 ಅಂತ ಅಂಕೆ ನೋಡಿರುತ್ತೀರಿ. ಅಲ್ಲೂ ಅದೇ ಅಂಕೆ, ಪೆಟ್ರೋಲಿಗೆ 1203. ಜಗತ್ತಿಗೆಲ್ಲ ಒಂದೇ ಲೆಕ್ಕ ಇರುವ ಈ ಒಂದು ವಿಷಯದಲ್ಲಿ ನಾವು ಹೊಸಬರಲ್ಲ. 2024ರ ಜುಲೈಯಲ್ಲಿ ಶಿರೂರು ಗುಡ್ಡ ಕುಸಿದಾಗ ಗ್ಯಾಸ್ ಟ್ಯಾಂಕರ್ ಒಂದು ಗಂಗಾವಳಿಗೆ ಬಿದ್ದು ತೇಲಿದ್ದು, ಅದರ ಭಯಕ್ಕೆ ನದಿಯಂಚಿನ ಮನೆಯವರು ಒಲೆ ಹಚ್ಚಲೂ ಹೆದರಿದ್ದು ನಮ್ಮವರಿಗೆ ಹೇಳಬೇಕಾದ್ದಿಲ್ಲ. ಎಚ್ ಪುಸ್ತಕದ ನಿಯಮಗಳನ್ನು ಉರು ಹೊಡೆಯುವ ಮೊದಲು ಅದನ್ನೊಮ್ಮೆ ನೆನೆದುಕೊಂಡರೆ ಯಾಕೆ ಇಷ್ಟು ಕಟ್ಟುನಿಟ್ಟು ಎಂದು ತಿಳಿಯುತ್ತದೆ.

ಕ್ರಮ ಹೀಗೆ. ಪಟ್ಟಿಯಲ್ಲಿರುವ ಶಾಲೆಯಲ್ಲಿ ಎಚ್‌ಗೆಂದೇ ಇರುವ ಪಾಠ ಮುಗಿಸಬೇಕು, ಇದನ್ನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಮಾಡಬಹುದು. ಆಮೇಲೆ 30 ಪ್ರಶ್ನೆಯ ಪರೀಕ್ಷೆ. ಅದರ ಜತೆ ಟಿಎಸ್‌ಎ, ವಿಮಾನ ನಿಲ್ದಾಣದಲ್ಲಿ ನಿಮ್ಮ ಬ್ಯಾಗಿನ ಉಪ್ಪಿನಕಾಯಿ ತೆಗೆದು ನೋಡುವವರೇ, ಬೆರಳಚ್ಚು ತೆಗೆದು ಹಿನ್ನೆಲೆ ತಪಾಸಣೆ ಮಾಡುತ್ತಾರೆ. ಇದಕ್ಕೆ ಕನಿಷ್ಠ 60 ದಿನ ಮೊದಲು ಅರ್ಜಿ ಹಾಕಿ ಅನ್ನುತ್ತಾರೆ, ನಾನು 90 ಅನ್ನುತ್ತೇನೆ. ಪಾಸ್‌ಪೋರ್ಟಿನಲ್ಲಿ ಒಂದು ಹೆಸರು, ಗ್ರೀನ್ ಕಾರ್ಡಿನಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಸೇರಿ ಇನ್ನೊಂದು ಆಗಿರುವುದು ನಮ್ಮ ಕಡೆ ಮಾಮೂಲು. ಅದನ್ನು ಮೊದಲೇ ಸರಿಮಾಡಿಸದಿದ್ದರೆ ಫೈಲು ಅಲ್ಲೇ ಕೂರುತ್ತದೆ.

ಎಚ್ ಹೆಚ್ಚೆಂದರೆ 5 ವರ್ಷ. ಲೈಸೆನ್ಸ್ ಕೇಂದ್ರದ ನಿಯಮದಂತೆ 8 ವರ್ಷದವರೆಗೂ ಇರಬಹುದು, ರಾಜ್ಯಕ್ಕೊಂದು ಅವಧಿ. ಹಾಗಾಗಿ ಎರಡರ ತಾರೀಕು ಕೂಡುತ್ತದೆಂದು ಎಣಿಸಬೇಡಿ. ಉಳಿದ ಅಕ್ಷರಗಳು ಸಾಮಾನ್ಯವಾಗಿ ಲೈಸೆನ್ಸಿನ ಜತೆ ತಾವೇ ಮುಂದುವರಿಯುತ್ತವೆ. ಎಚ್ ಹಾಗಲ್ಲ, ಪ್ರತಿ ಸಲ ಪರೀಕ್ಷೆ ಮತ್ತೆ ಬರೆಯಬೇಕು, ಬೆರಳಚ್ಚಿನ ತಪಾಸಣೆಯೂ ಮತ್ತೆ. ಹಳೆಯ ಹುಲಿಗಳೂ ಓದದೆ ಹೋಗಿ ಫೇಲಾಗಿ ಬಂದದ್ದು ನೋಡಿದ್ದೇನೆ.

ಇನ್ನು ವೈದ್ಯಕೀಯ ಕಾರ್ಡು. ಇದರಲ್ಲಿ ನಾನೇ ಬಿದ್ದವನು, ಅದಕ್ಕೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಕೇಂದ್ರದ ನೋಂದಣಿಯಲ್ಲಿರುವ ಡಾಕ್ಟರೇ ನೋಡಬೇಕು. ಕಾರ್ಡು ಹೆಚ್ಚೆಂದರೆ 24 ತಿಂಗಳು. ಕೆಲವು ವರ್ಷದ ಹಿಂದೆ ನಾನು ಹೊಸ ಕಾರ್ಡು ಮಾಡಿಸಿ ಪರ್ಸಿನಲ್ಲಿ ಇಟ್ಟುಕೊಂಡು ನೆಮ್ಮದಿಯಾಗಿದ್ದೆ. ಅದರ ಪ್ರತಿಯನ್ನು ರಾಜ್ಯದ ಲೈಸೆನ್ಸ್ ಕಚೇರಿಗೆ ನಾನೇ ಕಳಿಸಬೇಕಿತ್ತು. ಆಸ್ಪತ್ರೆಯವರು ಕಳಿಸುತ್ತಾರೆ ಅಂತ ನಮ್ಮೂರಿನ ಏಜೆಂಟ್ ಬುದ್ಧಿ. ಹಳೆಯ ಕಾರ್ಡಿನ ತಾರೀಕು ಮುಗಿದ 60 ದಿನದೊಳಗೆ ರಾಜ್ಯದವರು ಲೈಸೆನ್ಸನ್ನು ವಾಣಿಜ್ಯದಿಂದ ಸಾದಾ ಲೈಸೆನ್ಸಿಗೆ ಇಳಿಸಲೇಬೇಕು, ಇಳಿಸಿದರು. ಗೊತ್ತಾದದ್ದು ತೂಕದ ಕಟ್ಟೆಯಲ್ಲಿ, ಬಾಳೆಹಣ್ಣಿನ ಲೋಡ್ ಹಿಂದೆ ಇಟ್ಟುಕೊಂಡು. ಗಾಡಿಯನ್ನು ಬೇರೆ ಡ್ರೈವರ್ ಬಂದು ಒಯ್ದ. ನಾನು ಬಸ್ಸು ಹಿಡಿದು ಮನೆಗೆ ಬಂದೆ, ಮೂರು ವಾರ ಸಂಬಳ ಇಲ್ಲ. 2025ರ ಜೂನ್ 23ರಿಂದ ಡಾಕ್ಟರೇ ಫಲಿತಾಂಶವನ್ನು ಕಂಪ್ಯೂಟರಿನಲ್ಲಿ ಕಳಿಸುವ ಪದ್ಧತಿ ಬಂದಿದೆ. ಬಂದರೂ ಒಂದು ವಾರ ಬಿಟ್ಟು ನಿಮ್ಮ ರಾಜ್ಯದ ದಾಖಲೆಯಲ್ಲಿ ಏರಿದೆಯಾ ಅಂತ ನೋಡಿ, ಮುದ್ರಿಸಿದ ಪ್ರತಿ ಗಾಡಿಯಲ್ಲಿರಲಿ.

ತಪಾಸಣೆಯಲ್ಲಿ ನಮ್ಮವರನ್ನು ಹಿಡಿಯುವುದು ಬಿಪಿ. 140/90ರ ಕೆಳಗಿದ್ದರೆ ಎರಡು ವರ್ಷದ ಕಾರ್ಡು, 140ರಿಂದ 159 ಇದ್ದರೆ ಸಾಮಾನ್ಯವಾಗಿ ಒಂದೇ ವರ್ಷ, 180/110 ದಾಟಿದರೆ ಕಾರ್ಡೇ ಇಲ್ಲ. ಒಣಮೀನು, ಹಪ್ಪಳ, ಅಪ್ಪೆಮಿಡಿ ಕಟ್ಟಿಕೊಂಡು ಹೋಗುವವರಿಗೆ ಬೇಡ ಅನ್ನಲಾರೆ, ನಾನೂ ಒಯ್ಯುತ್ತೇನೆ. ತಪಾಸಣೆಗೆ ತಿಂಗಳ ಮೊದಲು ಡಬ್ಬ ಮುಚ್ಚಿಡಿ, ಹಿಂದಿನ ರಾತ್ರಿ ಗಾಡಿ ಓಡಿಸಿ ನೇರ ಹೋಗಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಈಗ ಅವಕಾಶವಿದೆ: ನಿಮ್ಮ ಸಕ್ಕರೆ ಡಾಕ್ಟರು ತುಂಬಿದ ಫಾರ್ಮ್ 45 ದಿನದೊಳಗಿನದಾಗಿರಬೇಕು, ಮೂರು ತಿಂಗಳ ಮೀಟರ್ ಲೆಕ್ಕ ಇರಬೇಕು. ಇಂಥವರಿಗೆ ಕಾರ್ಡು ವರ್ಷಕ್ಕೊಂದು.

ಇಂಗ್ಲಿಷ್ ಬಗ್ಗೆ ಹುಡುಗರು ನಕ್ಕರು, "ಅಷ್ಟು ಬರ್ತದೆ ಅಣ್ಣಾ" ಅಂತ. ಓದಲು ಬರುತ್ತದೆ, ಗೊತ್ತು. 2025ರ ಜೂನ್ 25ರಿಂದ ರಸ್ತೆ ತಪಾಸಣೆಯವರಿಗೆ ಉತ್ತರ ಕೊಡಲು, ಬೋರ್ಡು ಓದಲು ಬಾರದ ಡ್ರೈವರನ್ನು ಅಲ್ಲೇ ಗಾಡಿಯಿಂದ ಇಳಿಸುತ್ತಾರೆ. ಎಲ್ಲಿಂದ ಬಂದೆ, ಏನು ಲೋಡ್, ಎಷ್ಟು ಹೊತ್ತು ಓಡಿಸಿದೆ, ಈ ಪ್ರಶ್ನೆಗಳನ್ನು ಅವರ ಉಚ್ಚಾರದಲ್ಲಿ ಕೇಳಿ ಅಭ್ಯಾಸ ಮಾಡಿಕೊಳ್ಳಿ. ಮತ್ತೆ, ನಮ್ಮ ಹಾಗೆ ತಲೆ ಅಲ್ಲಾಡಿಸಬೇಡಿ. ಅವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ, ಬಾಯಲ್ಲಿ ಹೇಳಿ.

ಗ್ರೀನ್ ಕಾರ್ಡ್ ಇಲ್ಲದೆ ಬರೀ ಕೆಲಸದ ಪರವಾನಗಿಯ ಮೇಲೆ ಹೋಗುವವರ ದಾರಿ ಬೇರೆ. ಅವರಿಗೆ ಕೊಡುತ್ತಿದ್ದ ಲೈಸೆನ್ಸನ್ನು 2025ರ ಸೆಪ್ಟೆಂಬರಿನಲ್ಲಿ ಕೇಂದ್ರದವರು ಬಿಗಿಮಾಡಿದರು, ನವೆಂಬರಿನಲ್ಲಿ ಆ ನಿಯಮಕ್ಕೆ ಕೋರ್ಟು ತಡೆ ಕೊಟ್ಟಿತು, ಆಮೇಲೂ ಅದು ಬದಲಾಗುತ್ತಿದೆ. ಅಂಥವರು ಶಾಲೆಗೆ ಡಾಲರ್ ಕಟ್ಟುವ ಮೊದಲು ತಮ್ಮ ರಾಜ್ಯದ ಕಚೇರಿಯಲ್ಲಿ ಕೇಳಿಕೊಳ್ಳಿ. ಸ್ನೇಹಿತರ ಮಾತು ಈ ವಿಷಯದಲ್ಲಿ ಬೇಡ. ರಾಜ್ಯ ಬದಲಿಸಿದರೆ 30 ದಿನದೊಳಗೆ ಲೈಸೆನ್ಸನ್ನೂ ಬದಲಿಸಬೇಕು ಎನ್ನುವುದು ಎಲ್ಲರಿಗೂ ಇದೆ.

ಊರಿನ ಲೈಸೆನ್ಸನ್ನು ಬಿಟ್ಟುಬಿಡಬೇಡಿ. ಕಾರವಾರದ್ದೋ ಶಿರಸಿಯದ್ದೋ, ಯಾವ ಆರ್‌ಟಿಒದ್ದಾದರೂ ಸಾರಿಗೆ ಲೈಸೆನ್ಸ್ ಈಗ 5 ವರ್ಷ. ಮುಗಿಯುವ ಒಂದು ವರ್ಷ ಮೊದಲೇ ರಿನ್ಯೂವಲ್‌ಗೆ ಹಾಕಬಹುದು, ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ. ಹಾಗಾಗಿ ರಜೆಗೆ ಬಂದಾಗಲೇ ಮುಗಿಸಿಕೊಳ್ಳಿ. ನಾನು ಹೋದ ವಾರ ಅದಕ್ಕೇ ಕಾರವಾರಕ್ಕೆ ಹೋಗಿದ್ದೆ. ಹಳೆಯ ಕಾರ್ಡು ಹುಡುಕಿ ಹುಡುಕಿ ಸಾಕಾಗಿ ಕೇಳಿದರೆ, ಅಮ್ಮ ದೇವರ ಕೋಣೆಯ ಪೆಟ್ಟಿಗೆಯಿಂದ ಕುಂಕುಮ ಹತ್ತಿದ್ದನ್ನು ಒರೆಸಿ ತಂದುಕೊಟ್ಟಳು.