ಕಾಯಿಹಾಲು ಸೋಸಿದ ಹಾಗೆ ವೈರಸ್ ಸೋಸುವುದು

ವೈರಸ್ ಅಂದ ಕೂಡಲೇ ನಮ್ಮ ಕಾಸರಗೋಡಿನವರಿಗೆ ನೆನಪಾಗುವುದು 2020ರ ಮಾರ್ಚ್. ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಒದ್ದಾಡಿದ್ದರು. ಹಾಗಾಗಿ, ಆರೋಗ್ಯವಾಗಿ ಇರುವವರ ಹೊಟ್ಟೆಯಲ್ಲಿ ವೈರಸ್ ಹುಡುಕುವುದು ನನ್ನ ಕೆಲಸ ಅಂತ ಊರಲ್ಲಿ ಹೇಳಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಬದಿಯಡ್ಕದ ಹತ್ತಿರ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳಿದರು, "ಕಾಯಿಲೆಯೇ ಇಲ್ಲದವರಲ್ಲಿ ವೈರಸ್ ಎಲ್ಲಿಂದ ಬಂತು ಮಾರಾಯ್ರೆ?" ಎಲೆಯ ಮುಂದೆ ಕೂತು ಹೇಳುವ ವಿಷಯ ಅಲ್ಲ ಅದು. ಈಗ ಹೇಳುತ್ತೇನೆ.

ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ. ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಅವುಗಳಿಗೆ ಮಾತ್ರ ಹತ್ತಿಕೊಳ್ಳುವ ವೈರಸ್‌ಗಳಿವೆ, ಹೆಸರು ಫೇಜ್. ಆರೋಗ್ಯವಂತರ ಕರುಳಿನ ವೈರಸ್‌ಗಳಲ್ಲಿ ಬಹುಪಾಲು ಇವೇ. ನಮ್ಮ ಜೀವಕೋಶದ ಗೊಡವೆಗೆ ಅವು ಬರುವುದಿಲ್ಲ. ಒಂದು ಗ್ರಾಂ ಮಲದಲ್ಲಿ ನೂರು ಕೋಟಿ ವೈರಸ್ ಕಣ ಸಿಕ್ಕರೆ ಲ್ಯಾಬಿನಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಹುಟ್ಟಿದ ಮಗುವಿನ ಮೊದಲ ಮಲದಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ಒಂದು ತಿಂಗಳಾಗುವಾಗ ಅಲ್ಲೂ ಗ್ರಾಂಗೆ ನೂರು ಕೋಟಿಯ ಲೆಕ್ಕ ಬಂದಿರುತ್ತದೆ.

ಇವನ್ನು ಹೊರಗೆ ತೆಗೆಯುವುದು ಹೇಗೆ? ಅರ್ಧ ಕೆಲಸ ನಮ್ಮ ಅಡುಗೆಮನೆಯದ್ದೇ. ಹಾಗಂತ ಮನೆಯಲ್ಲಿ ಮಾಡಲು ಹೋಗಬೇಡಿ.

ಹಿಂಡಿ, ಸೋಸಿ, ಇಳಿಸಿ

ಮೊದಲು ಒಪ್ಪಿಗೆ ಪತ್ರ. ಸಂಶೋಧನೆಯ ನೈತಿಕತೆ ನೋಡುವ ಸಮಿತಿಯ ಅನುಮತಿ ಇಲ್ಲದೆ ಯಾರ ಮಲವನ್ನೂ ಮುಟ್ಟುವ ಹಾಗಿಲ್ಲ. ಈಚೆಗೆ ಆಂಟಿಬಯೋಟಿಕ್ ನುಂಗಿದವರನ್ನು ಬಿಡುತ್ತೇವೆ, ಅವರ ಕರುಳಿನ ಲೆಕ್ಕವೇ ಅಡಿಮೇಲಾಗಿರುತ್ತದೆ. ಡಬ್ಬಿ ಐಸಿನಲ್ಲಿ ಬರುತ್ತದೆ, ಮೈನಸ್ 80 ಡಿಗ್ರಿಯ ಫ್ರೀಜರಿಗೆ ಹೋಗುತ್ತದೆ.

ಕೆಲಸದ ದಿನ ಒಂದು ಗ್ರಾಂನಷ್ಟು ತೆಗೆದು, ಉಪ್ಪು ಮತ್ತು ಮೆಗ್ನೀಷಿಯಂ ಇರುವ ದ್ರಾವಣದಲ್ಲಿ ಕಲಸಬೇಕು. ಕಾಯಿತುರಿ ರುಬ್ಬಿ ನೀರು ಹಾಕಿದ ಹಾಗೆ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಗರಗರ ತಿರುಗಿಸಬೇಕು. ನಾರು, ಚರಟ, ಬ್ಯಾಕ್ಟೀರಿಯಾದ ದೊಡ್ಡ ಪಾಲು ತಳಕ್ಕೆ ಕೂರುತ್ತದೆ. ನಮಗೆ ಬೇಕಾದ್ದು ಮೇಲಿನ ತಿಳಿ.

ತಿಳಿಯನ್ನು ಮೊದಲು 0.45 ಮೈಕ್ರಾನ್ ತೂತಿನ ಫಿಲ್ಟರಿನಲ್ಲಿ, ಆಮೇಲೆ 0.22ರದ್ದರಲ್ಲಿ ಸೋಸುತ್ತೇವೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಉದ್ದ, ಮೇಲೆಯೇ ನಿಲ್ಲುತ್ತದೆ. ಫೇಜ್‌ನ ತಲೆ ಮೈಕ್ರಾನಿನ ಹತ್ತರಲ್ಲೊಂದು ಪಾಲಿನ ಆಸುಪಾಸು, ದಾಟಿ ಹೋಗುತ್ತದೆ. ಕಾಯಿಹಾಲು ಬಟ್ಟೆ ದಾಟಿದ ಹಾಗೆ ಅಂದುಕೊಳ್ಳಿ. ಒಂದೇ ತೊಂದರೆ, ದೈತ್ಯ ಗಾತ್ರದ ವೈರಸ್‌ಗಳು ಚರಟದ ಜೊತೆಗೇ ಹೋಗಿಬಿಡುತ್ತವೆ. ಅವು ಬೇಕಿದ್ದರೆ ಸೋಸುವ ಕ್ರಮವನ್ನೇ ಬದಲಿಸಬೇಕು.

ಸೋಸಿದ್ದಕ್ಕೆ ಪಿಇಜಿ ಎಂಬ ಪುಡಿ ಮತ್ತು ಉಪ್ಪು ಸೇರಿಸಿ ರಾತ್ರಿಯಿಡೀ ತಣ್ಣಗೆ ಇಟ್ಟರೆ ವೈರಸ್‌ಗಳು ಒಟ್ಟುಗೂಡುತ್ತವೆ. ಬೆಳಿಗ್ಗೆ ತಿರುಗಿಸಿ ಇಳಿಸಿದರಾಯಿತು.

ಗೆರಟೆ ಒಡೆಯುವ ಮೊದಲು ಅಂಗಳ ಗುಡಿಸಿ

ಇಲ್ಲಿ ಒಂದು ಜಾಣತನ ಇದೆ, ನನಗೆ ಬಹಳ ಇಷ್ಟದ್ದು. ಸತ್ತ ಬ್ಯಾಕ್ಟೀರಿಯಾದ ಡಿಎನ್ಎ, ನಮ್ಮದೇ ಕರುಳಿನ ಡಿಎನ್ಎ ಚೂರು, ಎಲ್ಲ ಆ ದ್ರಾವಣದಲ್ಲಿ ಚೆಲ್ಲಿ ಬಿದ್ದಿರುತ್ತದೆ. ವೈರಸ್‌ನ ಡಿಎನ್ಎ ಮಾತ್ರ ಪ್ರೋಟೀನ್ ಚಿಪ್ಪಿನೊಳಗೆ ಭದ್ರ, ಗೆರಟೆಯೊಳಗಿನ ಕಾಯಿಯ ಹಾಗೆ. ಆಗ ಡಿಎನ್ಎ ಕತ್ತರಿಸುವ ಕಿಣ್ವ ಹಾಕುತ್ತೇವೆ. ಹೊರಗೆ ಚೆಲ್ಲಿದ್ದು ಪುಡಿಯಾಗುತ್ತದೆ, ಒಳಗಿನದ್ದು ಉಳಿಯುತ್ತದೆ. ಆ ಕಿಣ್ವವನ್ನು ಸರಿಯಾಗಿ ಸುಮ್ಮನಾಗಿಸಿದ ಮೇಲೆಯೇ ಗೆರಟೆ ಒಡೆಯಬೇಕು. ಅವಸರಪಟ್ಟರೆ ಕಾಯಿಯೂ ಹೋಯಿತು.

ಕೆಲವು ವೈರಸ್‌ಗಳಲ್ಲಿ ಡಿಎನ್ಎಯ ಬದಲು ಇರುವುದು ಅದರ ನೆಂಟ ಆರ್‌ಎನ್ಎ. ಅದನ್ನು ಡಿಎನ್ಎಯಾಗಿ ನಕಲು ಮಾಡದೆ ಬಿಟ್ಟರೆ ಒಂದು ತಮಾಷೆ ತಪ್ಪಿಹೋಗುತ್ತದೆ. ಮನುಷ್ಯರ ಮಲದಲ್ಲಿ ಆರ್‌ಎನ್ಎ ವೈರಸ್ ಹುಡುಕಿದ 2006ರ ಒಂದು ಅಧ್ಯಯನದಲ್ಲಿ ಅತಿ ಹೆಚ್ಚು ಕಂಡದ್ದು ಮೆಣಸಿನಕಾಯಿ ಗಿಡದ ವೈರಸ್! ಪೆಪ್ಪರ್ ಮೈಲ್ಡ್ ಮಾಟಲ್ ಅಂತ ಹೆಸರು. ನಾವು ತಿಂದ ಮೆಣಸಿನ ಜೊತೆ ಒಳಗೆ ಹೋಗಿ ಹಾಗೇ ಹೊರಗೆ ಬರುತ್ತದೆ. ಹೊಟ್ಟೆ ದಾಟಿ ಬಂದದ್ದನ್ನು ಗಿಡಕ್ಕೆ ಹಚ್ಚಿದರೆ ಗಿಡಕ್ಕೆ ಮತ್ತೆ ಹತ್ತುತ್ತದೆ. ನೀರಿಗೆ ಮನುಷ್ಯರ ಮಲ ಸೇರಿದೆಯೋ ಅಂತ ತಿಳಿಯಲು ಈಗ ಇದನ್ನೇ ಗುರುತಾಗಿ ಬಳಸುತ್ತಾರೆ. ಚಟ್ನಿಗೆ ಗಾಂಧಾರಿ ಮೆಣಸು ಅರೆಯುವಾಗೆಲ್ಲ ನನಗೆ ಇದು ನೆನಪಾಗುತ್ತದೆ, ಏನು ಮಾಡುವುದು!

ಖಾಲಿ ಕೊಳವೆ ಮರೆಯಬೇಡಿ

ಇದು ಪಾಠ ಹೇಳಿಸಿಕೊಂಡು ಕಲಿತದ್ದಲ್ಲ, ಪೆಟ್ಟು ತಿಂದು ಕಲಿತದ್ದು. ಮಾದರಿಯೇ ಹಾಕದ, ಬರೀ ದ್ರಾವಣದ ಒಂದು ಕೊಳವೆಯನ್ನೂ ಮೊದಲಿಂದ ಕೊನೆಯವರೆಗೆ ಜೊತೆಗೆ ನಡೆಸಬೇಕು. ನಾನು ಮೊದಲ ಸಲ ಕಿಟ್ ಉಳಿಸುವ ಆಸೆಗೆ ಅದನ್ನು ಬಿಟ್ಟೆ. ಕೊನೆಗೆ ಸಿಕ್ಕ ಒಂದು ವೈರಸ್ ಹೊಟ್ಟೆಯದ್ದೋ, ಬಾಟಲಿಯದ್ದೋ ಅಂತ ಹೇಳಲಾಗದೆ ಮೂರು ತಿಂಗಳ ಕೆಲಸ ಕಸಕ್ಕೆ ಹೋಯಿತು.

ದೊಡ್ಡವರಿಗೂ ಹೀಗಾಗಿದೆ. ಹೆಪಟೈಟಿಸ್ ರೋಗಿಗಳಲ್ಲಿ ಹೊಸ ವೈರಸ್ ಸಿಕ್ಕಿತು ಅಂತ ಒಂದು ತಂಡ ಬರೆದಿತ್ತು. 2013ರಲ್ಲಿ ಇನ್ನೊಂದು ತಂಡ ಬೆನ್ನು ಹತ್ತಿ ಹೋದರೆ, ಅದು ರೋಗಿಗಳದ್ದೇ ಅಲ್ಲ, ಡಿಎನ್ಎ ತೆಗೆಯುವ ಕಿಟ್‌ನ ಸಿಲಿಕಾದಲ್ಲಿ ಸೇರಿಕೊಂಡಿದ್ದದ್ದು!

ಇಷ್ಟಾದ ಮೇಲೆ ಡಿಎನ್ಎಯ ಅಕ್ಷರ ಓದುವ ಸೀಕ್ವೆನ್ಸಿಂಗ್ ಯಂತ್ರ. ಅದು ಕೊಡುವುದು ಹರಿದ ಕಾಗದದಂಥ ಲಕ್ಷಗಟ್ಟಲೆ ಚೂರುಗಳನ್ನು. ಕಂಪ್ಯೂಟರ್ ತುದಿಗೆ ತುದಿ ಹೊಂದಿಸಿ ಜೋಡಿಸುತ್ತದೆ. ಜೋಡಿಸಿದ್ದರಲ್ಲಿ ಜಾಸ್ತಿ ಪಾಲು ಈಗಿರುವ ಯಾವ ಪಟ್ಟಿಗೂ ತಾಳೆಯಾಗುವುದಿಲ್ಲ. 2014ರಲ್ಲಿ ಹೀಗೇ ಹಳೆಯ ಮಾಹಿತಿಯನ್ನು ಮತ್ತೆ ಜೋಡಿಸುವಾಗ ಸುಮಾರು 97,000 ಅಕ್ಷರದ ಒಂದು ಫೇಜ್ ಹೊರಬಿತ್ತು. ಜಗತ್ತಿನ ಎಷ್ಟೋ ಜನರ ಕರುಳಲ್ಲಿ ಇದ್ದದ್ದೇ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಜೋಡಿಸಿದ ಸಾಫ್ಟ್‌ವೇರಿನ ಹೆಸರಿನಿಂದಲೇ ಅದಕ್ಕೆ ಕ್ರಾಸ್‌ಫೇಜ್ ಅಂತ ಹೆಸರಿಟ್ಟರು. ಅದರ ನೆಂಟನೊಂದನ್ನು ಲ್ಯಾಬಿನಲ್ಲಿ ಬೆಳೆಸಲು 2018 ಆಗಬೇಕಾಯಿತು. ಐರ್ಲೆಂಡಿನ ಕಾರ್ಕ್‌ನವರು ಅದನ್ನು ಸಾಧಿಸಿದರು.

ಕಣ್ಣಿಗೆ ಕಾಣಬೇಕಾದರೆ ನೀರುದೋಸೆ

ಅಕ್ಷರ ಓದಿದ ಮಾತ್ರಕ್ಕೆ ವೈರಸ್ ಜೀವಂತ ಇತ್ತು ಅಂತ ಹೇಳಲಾಗದು, ಅಲ್ವಾ? ಅದಕ್ಕೆ ಹಳೆಯ ವಿಧಾನವೇ ಬೇಕು. ಫೇಜನ್ನು 1915ರಲ್ಲಿ ಟ್ವಾರ್ಟ್, 1917ರಲ್ಲಿ ಡೆರೆಲ್ ಎಂಬ ವಿಜ್ಞಾನಿಗಳು ಗುರುತಿಸಿದ್ದು ಬ್ಯಾಕ್ಟೀರಿಯಾ ಬೆಳೆದಲ್ಲಿ ಅದು ಮಾಡಿದ ಹಾಳು ನೋಡಿಯೇ.

ಗಟ್ಟಿ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಹಾಕಿದ ತಟ್ಟೆ ಇಟ್ಟುಕೊಳ್ಳಿ. ತೆಳು ಅಗರ್ ಕರಗಿಸಿ ಸುಮಾರು 45 ಡಿಗ್ರಿಗೆ ಆರಿಸಿ. ಅದರಲ್ಲಿ ಬ್ಯಾಕ್ಟೀರಿಯಾ ಮತ್ತು ಸೋಸಿದ ದ್ರಾವಣ ಬೆರೆಸಿ ತಟ್ಟೆಗೆ ಹೊಯ್ದು ಬಿಡಿ. ಬಿಸಿ ಜಾಸ್ತಿಯಾದರೆ ಬ್ಯಾಕ್ಟೀರಿಯಾ ಬೆಂದು ಹೋಗುತ್ತದೆ. ತಣ್ಣಗಾದರೆ ಕೊಳವೆಯಲ್ಲೇ ಗಟ್ಟಿ. ಕೈ ಪಳಗುವವರೆಗೆ ಗೋಳು. ಕರುಳಿನ ಬ್ಯಾಕ್ಟೀರಿಯಾ ಹಲವಕ್ಕೆ ಆಮ್ಲಜನಕ ಆಗದು. ಅದಕ್ಕೆ ಇದನ್ನೆಲ್ಲ ಆಮ್ಲಜನಕ ತೆಗೆದ ಪೆಟ್ಟಿಗೆಯೊಳಗೆ, ರಬ್ಬರ್ ತೋಳಿಗೆ ಕೈ ತೂರಿಸಿ ಮಾಡಬೇಕು.

ಮರುದಿನ ತಟ್ಟೆ ತುಂಬ ಬಿಳಿ ಮಬ್ಬು. ಫೇಜ್ ಕೆಲಸ ಮಾಡಿದಲ್ಲಿ ಸಣ್ಣ ತೂತು, ಥೇಟ್ ನೀರುದೋಸೆಯ ಕಣ್ಣು. ಆ ಕಣ್ಣು ಎಣಿಸಿದರೆ ಲೆಕ್ಕ ಸಿಗುತ್ತದೆ. ಹತ್ತು ಲಕ್ಷ ಪಟ್ಟು ತೆಳುಮಾಡಿದ ದ್ರಾವಣದಿಂದ 0.1 ಮಿಲಿ ಹಾಕಿ 32 ಕಣ್ಣು ಬಂದರೆ, ಮೂಲದ್ದರಲ್ಲಿ ಮಿಲಿಗೆ 32 ಕೋಟಿ ಫೇಜ್.

ಎಣಿಸಿ ಆದ ಮೇಲೆ ತಟ್ಟೆ, ಕೊಳವೆ, ಕೈಗವಸು ಎಲ್ಲ ಆಟೋಕ್ಲೇವಿಗೆ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಪಾತ್ರೆಗೆ, 121 ಡಿಗ್ರಿಯಲ್ಲಿ. ಅದರ ಮುಚ್ಚಳ ತೆಗೆಯುವ ಸರದಿ ಯಾವಾಗಲೂ ಹೊಸಬರದ್ದು. ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಅದನ್ನು ತೆಗೆಯಬೇಕು ಅಂತ ನಮ್ಮ ಲ್ಯಾಬಿನಲ್ಲೊಂದು ಬರೆಯದ ನಿಯಮ ಇದೆ.