ಗಲ್ಫಿನಲ್ಲಿ ಕೆಲಸ, ಕಾಸರಗೋಡಿನಲ್ಲಿ ಮನೆ: ಬ್ಯಾಂಕು, ಬಿಲ್ಲು ನೋಡಿಕೊಳ್ಳುವುದು ಹೇಗೆ?

ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಬೀಗ ಹಾಕಿದ ಹೊಸ ಮನೆಗಳು ಬೇಕಾದಷ್ಟು ಕಾಣಸಿಗುತ್ತವೆ. ಮನೆಯವರು ದುಬೈಯಲ್ಲೋ ದೋಹಾದಲ್ಲೋ ಇರುತ್ತಾರೆ. ಮನೆಯ ಲೆಕ್ಕ ಮಾತ್ರ ಊರಿನಲ್ಲಿರುವ ಭಾವನ ಮೊಬೈಲಿನಲ್ಲಿ. ಅಲ್ಲಿಂದ ದುಡ್ಡು ಭಾವನ ಖಾತೆಗೆ ಬರುತ್ತದೆ. ಕರೆಂಟ್ ಬಿಲ್ಲು ಅದರಿಂದಲೇ ಹೋಗುತ್ತದೆ, ತೆಂಗಿನಕಾಯಿ ಮಾರಿದ ದುಡ್ಡೂ ಅದಕ್ಕೇ ಸೇರುತ್ತದೆ. ಒಂದೆರಡು ವರ್ಷ ಕಳೆದರೆ ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ. ದುಡ್ಡು ಹೋದರೆ ಹೋಗಲಿ, ಸಂಬಂಧ ಕೆಡಬಾರದಲ್ವಾ? ಹಾಗಾಗಿ ಮನೆಗೆ ಅಂತಲೇ ನಿಮ್ಮ ಹೆಸರಿನಲ್ಲಿ ಒಂದು ಖಾತೆ ಇಡಿ. ಮನೆಯ ಬಿಲ್ಲೆಲ್ಲ ಅದರಿಂದ ಹೋಗಲಿ, ಮನೆ–ತೋಟದ ಆದಾಯವೆಲ್ಲ ಅದಕ್ಕೇ ಬರಲಿ.

ಮೊದಲು ಹಳೆಯ ಖಾತೆ ಸರಿಮಾಡಿ

ಕೆಲಸಕ್ಕೆಂದು ವಿದೇಶಕ್ಕೆ ಹೋದ ಮೇಲೆ ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ವಿದೇಶಿ ವಿನಿಮಯ ಕಾಯ್ದೆ 'ಫೆಮಾ' ಪ್ರಕಾರ ಅದನ್ನು ಅನಿವಾಸಿಗಳಿಗೆ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು. ಪಾಸ್‌ಪೋರ್ಟ್, ವೀಸಾ, ವಿದೇಶದ ವಿಳಾಸದ ದಾಖಲೆ, ಪಾನ್ ಕಾರ್ಡ್ ಹಿಡಿದುಕೊಂಡು ರಜೆಯಲ್ಲಿ ಬಂದಾಗ ಶಾಖೆಗೆ ಹೋದರೆ ಕೆಲಸ ಸುಲಭ. ಊರಿನ ಸೇವಾ ಸಹಕಾರಿ ಬ್ಯಾಂಕಿನಲ್ಲಿ ಇದು ಆಗುವುದಿಲ್ಲ, ವಾಣಿಜ್ಯ ಬ್ಯಾಂಕಿನ ಶಾಖೆಯೇ ಬೇಕು.

ಅನಿವಾಸಿಗಳಿಗೆ ಎನ್‌ಆರ್‌ಇ, ಎನ್‌ಆರ್‌ಒ ಅಂತ ಎರಡು ಬಗೆಯ ಖಾತೆ ಇದೆ, ಎರಡನ್ನೂ ಕಲಸಿಕೊಳ್ಳುವವರು ಜಾಸ್ತಿ. ಅಲ್ಲಿ ದುಡಿದ ಸಂಬಳ ಬಂದು ಕೂರುವುದು ಎನ್‌ಆರ್‌ಇಯಲ್ಲಿ. ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಅಸಲು–ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ವಾಪಸ್ ಕೊಂಡೊಯ್ಯಬಹುದು. ಮನೆ ಬಾಡಿಗೆ, ಅಡಿಕೆ, ತೆಂಗಿನ ದುಡ್ಡಿನಂಥ ಊರಿನ ಆದಾಯಕ್ಕೆ ಎನ್‌ಆರ್‌ಒ. ಅದರ ಬಡ್ಡಿಯಲ್ಲಿ ಬ್ಯಾಂಕು ಶೇ 30 ತೆರಿಗೆ, ಅದರ ಮೇಲೆ ಸೆಸ್ ಹಿಡಿಯುತ್ತದೆ. ಅಲ್ಲಿಂದ ಹೊರಗೆ ಕಳಿಸಲು ಆರ್ಥಿಕ ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ. ತೆರಿಗೆ ಕಟ್ಟಿದ ದಾಖಲೆಯನ್ನೂ ತೋರಿಸಬೇಕು.

ನನ್ನ ಸಲಹೆ ಇಷ್ಟೇ: ಉಳಿತಾಯ ಎನ್‌ಆರ್‌ಇಯಲ್ಲೇ ಇರಲಿ. ಮನೆಗೆ ಆರು ತಿಂಗಳಿಗೆ ಬೇಕಾಗುವಷ್ಟನ್ನು ಮಾತ್ರ ಎನ್‌ಆರ್‌ಒಗೆ ಹಾಕಿ. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಾಕುವುದು ಒಂದು ನಿಮಿಷದ ಕೆಲಸ. ತಿರುಗಿ ತರಬೇಕಾದರೆ ಕಾಗದಪತ್ರ ಹಿಡಿದು ಓಡಾಡಬೇಕು.

ತೋಟ ಇದ್ದವರು ಅಡಿಕೆಯನ್ನು ಕ್ಯಾಂಪ್ಕೊಗೆ ಹಾಕುವುದಾದರೂ, ಅಂಗಡಿಗೆ ಕೊಡುವುದಾದರೂ ದುಡ್ಡು ನೇರವಾಗಿ ಈ ಎನ್‌ಆರ್‌ಒ ಖಾತೆಗೇ ಬರುವ ಹಾಗೆ ನೋಡಿಕೊಳ್ಳಿ. ಮನೆ ಬಾಡಿಗೆಗೆ ಕೊಟ್ಟಿದ್ದರೆ ಇನ್ನೊಂದು ವಿಷಯ ಇದೆ. ಮಾಲೀಕ ಅನಿವಾಸಿ ಆಗಿದ್ದರೆ ಬಾಡಿಗೆ ಕೊಡುವಾಗಲೇ ಬಾಡಿಗೆದಾರ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಸೆಸ್ ಸೇರಿ ಸಾಮಾನ್ಯವಾಗಿ ಇದು ಶೇ 31.2 ಆಗುತ್ತದೆ. ನಮ್ಮ ಕಡೆ ಹೆಚ್ಚಿನ ಬಾಡಿಗೆದಾರರಿಗೆ ಇದು ಗೊತ್ತೇ ಇಲ್ಲ. ಕರಾರು ಬರೆಯುವಾಗಲೇ ಹೇಳಿಬಿಡಿ. ಜಾಸ್ತಿ ಹಿಡಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ಕರೆಂಟ್ ಬಿಲ್ಲು

ಮನೆ ಖಾಲಿ ಇದ್ದಾಗ ಹೆಚ್ಚು ತೊಂದರೆ ಕೊಡುವುದು ಇದೇ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ. ಮೀಟರ್ ನೋಡಲು ಬಂದವರು ಸಿಟ್ಔಟಿನ ಗ್ರಿಲ್ಲಿಗೆ ಸಿಕ್ಕಿಸಿ ಹೋದ ಆ ಉದ್ದ ಚೀಟಿಯ ಅಕ್ಷರ ಬಿಸಿಲಿಗೆ ಕೆಲವೇ ದಿನಗಳಲ್ಲಿ ಮಾಸಿಹೋಗುತ್ತದೆ. ಅದಕ್ಕೆ ಮೊದಲು ಯಾರಾದರೂ ಒಂದು ಫೋಟೊ ತೆಗೆದು ಕಳಿಸಲಿ. ನಿಮಗೆ ಬೇಕಾದದ್ದು ಅದರಲ್ಲಿರುವ 13 ಅಂಕಿಯ ಕನ್ಸ್ಯೂಮರ್ ನಂಬರ್. ಅದೊಂದಿದ್ದರೆ ಕೆಎಸ್‌ಇಬಿಯ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಎಲ್ಲಿ ಕೂತೂ ಬಿಲ್ಲು ನೋಡಬಹುದು, ಕಟ್ಟಬಹುದು. ಬಿಲ್ಲಿನಲ್ಲಿ ಎರಡು ತಾರೀಕು ಇರುತ್ತದೆ: ದಂಡ ಇಲ್ಲದೆ ಕಟ್ಟಲು ಒಂದು, ಕಟ್ಟದಿದ್ದರೆ ಫ್ಯೂಸ್ ತೆಗೆಯಲು ಇನ್ನೊಂದು. ಬಾವಿಯ ಪಂಪು, ಸಿಸಿಟಿವಿ ಎಲ್ಲ ಆ ಎರಡನೇ ತಾರೀಕಿನ ಮೇಲೆ ನಿಂತಿದೆ.

ಇನ್ನೊಂದು ನೋಡಬೇಕಾದದ್ದು, ಆ ಕನೆಕ್ಷನ್‌ಗೆ ಜೋಡಿಸಿದ ಮೊಬೈಲ್ ನಂಬರ್ ಯಾರದ್ದು ಅಂತ. ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ಅಪ್ಪನದ್ದು. ಮೆಸೇಜು ಯಾರಿಗೂ ತಲುಪುವುದಿಲ್ಲ. ಸೆಕ್ಷನ್ ಆಫೀಸಿನಲ್ಲಿ ನಂಬರ್ ಬದಲಾಯಿಸಿ. ಆಗಲೇ ಕನೆಕ್ಷನ್ನಿನ ಹೆಸರು ಬದಲಾಯಿಸಲು ಅರ್ಜಿಯನ್ನೂ ಕೊಟ್ಟುಬಿಡಿ. ತುಂಬ ದಿನ ಮನೆ ಮುಚ್ಚಿಡುವುದಾದರೆ ಅದನ್ನೂ ಅಲ್ಲೇ ಹೇಳಿ, ಮುಂಗಡವಾಗಿ ಸ್ವಲ್ಪ ದುಡ್ಡು ಕಟ್ಟಿಡಿ.

ಈಗ ದಾರಿಗಳು ಜಾಸ್ತಿ ಇವೆ. 2023ರ ಜನವರಿಯಲ್ಲಿ 10 ದೇಶಗಳ ಮೊಬೈಲ್ ನಂಬರಿಗೆ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಯುಪಿಐ ಬಳಸಲು ಅನುಮತಿ ಕೊಟ್ಟರು. ಯುಎಇ, ಸೌದಿ, ಒಮಾನ್, ಕತಾರ್ ಆ ಪಟ್ಟಿಯಲ್ಲಿದ್ದವು. ಕುವೈತ್, ಬಹರೈನ್ ಇರಲಿಲ್ಲ. ಊರಿನ ಬಿಲ್ಲನ್ನು ಹೊರದೇಶದಿಂದ ನೇರವಾಗಿ ಭಾರತ್ ಬಿಲ್‌ಪೇ ಮೂಲಕ ಕಟ್ಟುವ ದಾರಿಯನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ತೆರೆಯಿತು. ದುಡ್ಡು ಕಳಿಸುವ ಎಕ್ಸ್‌ಚೇಂಜಿನಲ್ಲಿ ಈ ಸೌಲಭ್ಯ ಇದೆಯಾ ಕೇಳಿ ನೋಡಿ. ಬ್ಯಾಂಕ್ ಆ್ಯಪ್‌ನಲ್ಲಿ ಆಟೊ ಪೇ ಇಡುವುದಾದರೆ ಒಂದು ಮೇಲ್ಮಿತಿ ಹಾಕಿ. ಖಾಲಿ ಮನೆಗೆ ಬಿಲ್ಲು ಒಮ್ಮೆಲೇ ಏರಿದರೆ ಎಲ್ಲೋ ಮೋಟಾರು ಆಫ್ ಆಗದೆ ಉಳಿದಿದೆ ಅಂತ ಅರ್ಥ. ಅದು ಸದ್ದಿಲ್ಲದೆ ಕಡಿತವಾಗಿ ಹೋಗಬಾರದು.

ಮನೆ ತೆರಿಗೆ, ತೀರ್ವೆ

ಎರಡೂ ಒಂದೇ ಅಂದುಕೊಂಡು ಒಂದನ್ನು ಬಿಡುವವರಿದ್ದಾರೆ. ಕಟ್ಟಡದ ತೆರಿಗೆ ಪಂಚಾಯತಿಗೆ, ಅರ್ಧ ವರ್ಷದ ಲೆಕ್ಕ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜಾಗದ ತೀರ್ವೆ ವಿಲೇಜ್ ಆಫೀಸಿಗೆ, ವರ್ಷಕ್ಕೊಮ್ಮೆ. ತೀರ್ವೆ ಕಟ್ಟಲು ತಂಡಪೇರ್ ನಂಬರ್, ಅಂದರೆ ವಿಲೇಜ್ ಆಫೀಸಿನ ದಾಖಲೆಯಲ್ಲಿ ಜಾಗದ ಮಾಲೀಕರಿಗೆ ಕೊಟ್ಟಿರುವ ನಂಬರ್ ಬೇಕು. ಹಳೆಯ ರಶೀದಿಯಲ್ಲಿ ಅದು ಇರುತ್ತದೆ.

ಕಟ್ಟಡ ತೆರಿಗೆಗೆ ಕೆ-ಸ್ಮಾರ್ಟ್ ಪೋರ್ಟಲ್ ಇದೆ. 2024ರ ಜನವರಿಯಲ್ಲಿ ನಗರಸಭೆಗಳಿಗೆ, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತಿಗಳಿಗೆ ಬಂತು. 2025ರ ಸ್ಥಳೀಯ ಚುನಾವಣೆಗೆ ಮೊದಲು ವಾರ್ಡುಗಳನ್ನು ಮರುವಿಂಗಡಣೆ ಮಾಡಿದ್ದರಿಂದ ನಿಮ್ಮ ಹಳೆಯ ರಶೀದಿಯ ವಾರ್ಡ್ ನಂಬರ್ ಈಗ ಬೇರೆ ಇರಬಹುದು. ಮನೆ ಮಾಲೀಕರ ಹೆಸರು ನೋಡಿ ಖಚಿತ ಮಾಡಿಕೊಂಡೇ ದುಡ್ಡು ಹಾಕಿ. ಮಲಯಾಳಂ ಓದಲು ಬಾರದ ಅಮ್ಮ ಒಬ್ಬರೇ ಊರಿನಲ್ಲಿದ್ದರೆ ಕೇರಳ ಸರ್ಕಾರದ ಆನ್‌ಲೈನ್ ಸೇವೆಗಳನ್ನು ಮಾಡಿಕೊಡುವ ಹತ್ತಿರದ ಅಕ್ಷಯ ಕೇಂದ್ರದಲ್ಲಿ ಎರಡೂ ಕೆಲಸ ಮಾಡಿಸಿಕೊಡುತ್ತಾರೆ.

ಊರಿನಲ್ಲಿ ಒಬ್ಬರಿಗೆ ಅಧಿಕಾರ

ಎಟಿಎಂ ಕಾರ್ಡು, ಪಿನ್ನು ಭಾವನ ಕೈಗೆ ಕೊಟ್ಟು ಹೋಗಬೇಡಿ. ನಂಬಿಕೆ ಇಲ್ಲ ಅಂತಲ್ಲ. ಏನಾದರೂ ಎಡವಟ್ಟಾದರೆ ಅವರ ಮೇಲೆ ಮಾತು ಬರುತ್ತದೆ. ಬ್ಯಾಂಕಿಗೆ ಬರೆದು ಕೊಟ್ಟು ಅವರನ್ನು ಮ್ಯಾಂಡೇಟ್ ಹೋಲ್ಡರ್ ಮಾಡಿ. ಊರಿನ ಖರ್ಚಿಗೆ ಅವರು ದುಡ್ಡು ತೆಗೆಯಬಹುದು, ನಿಮ್ಮ ಪರವಾಗಿ ಯಾರಿಗೂ ಉಡುಗೊರೆ ಕೊಡುವಂತಿಲ್ಲ. ಜಾಗದ ವ್ಯವಹಾರಕ್ಕೆ ಪವರ್ ಆಫ್ ಅಟಾರ್ನಿಯೇ ಬೇಕು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿದ ಪತ್ರಕ್ಕೆ, ಅದು ಊರಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಗಡುವು ಮರೆತುಹೋಗುವಂಥದ್ದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಫೋನು, ಖಾತೆ ಎರಡೂ ಜೀವಂತ ಇರಲಿ

ಒಟಿಪಿ ಬರುವ ಊರಿನ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಬಂದ್ ಆಗಬಹುದು, ಆ ನಂಬರ್ ಬೇರೆಯವರ ಕೈಗೂ ಹೋಗಬಹುದು. ರೀಚಾರ್ಜ್ ಮಾಡಿ, ರೋಮಿಂಗ್ ಆನ್ ಇಡಿ. ಖಾತೆಯಲ್ಲಿ ಎರಡು ವರ್ಷ ನೀವಾಗಿ ಯಾವ ವ್ಯವಹಾರವೂ ಮಾಡದಿದ್ದರೆ ಬ್ಯಾಂಕು ಅದನ್ನು ನಿಷ್ಕ್ರಿಯ ಅಂತ ಗುರುತಿಸುತ್ತದೆ.

'ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತದೆ, ಈ ನಂಬರಿಗೆ ಕರೆ ಮಾಡಿ' ಅಂತ ಬರುವ ಮೆಸೇಜು ಮೋಸದ್ದು. ದೂರದಲ್ಲಿರುವವರು ಗಾಬರಿಯಾಗಿ ಬೇಗ ಸಿಕ್ಕಿಬೀಳುತ್ತಾರೆ. ಸಂಶಯ ಬಂದರೆ ಕನ್ಸ್ಯೂಮರ್ ನಂಬರ್ ಹಾಕಿ ಕೆಎಸ್‌ಇಬಿ ಆ್ಯಪ್‌ನಲ್ಲೇ ಬಾಕಿ ನೋಡಿ. ದುಡ್ಡು ಹೋಗಿಯೇಬಿಟ್ಟರೆ ಕೂಡಲೇ ಬ್ಯಾಂಕಿಗೆ ತಿಳಿಸಿ. ಊರಿನಲ್ಲಿರುವವರಿಂದ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ವೀಸಾ ಮುಗಿಸಿ ಖಾಯಂ ಆಗಿ ಊರಿಗೆ ಬಂದಾಗ ಬ್ಯಾಂಕಿಗೆ ತಿಳಿಸಬೇಕು. ಆಗ ಎನ್‌ಆರ್‌ಇ, ಎನ್‌ಆರ್‌ಒ ಎರಡೂ ಸಾಮಾನ್ಯ ಖಾತೆಗಳಾಗಿ ಬದಲಾಗುತ್ತವೆ. ಬಿಲ್ಲುಗಳಿಗೆ ಇಟ್ಟ ಆಟೊ ಪೇ ಅದಾದ ಮೇಲೂ ನಡೆಯುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.